ಕತ್ತರಿಗೆ ಸಿಗದ ವಿಳಾಸ

ಆ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವವನೂ ಅದರಲ್ಲಿ ತಪ್ಪು ಹುಡುಕುವವಳೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮನೆಗೆ ಹೋದರೆ ಅವರಿಬ್ಬರೂ ಗಂಡ ಹೆಂಡತಿ. ಹಗಲೆಲ್ಲ ಸಂಬಳಕ್ಕೆ ತಪ್ಪು ಹುಡುಕಿ, ಸಂಜೆ ಅದೇ ಕೆಲಸವನ್ನು ಬಿಟ್ಟಿಯಾಗಿ ಮುಂದುವರಿಸುತ್ತಾಳೆ ಎಂದು ಅವನು ಎಲ್ಲರ ಮುಂದೆ ದೂರುತ್ತಿದ್ದ. ಅವಳೂ ಇಲ್ಲವೆನ್ನುತ್ತಿರಲಿಲ್ಲ.

ಕಚೇರಿಯವರು ಅವನಿಗಿಟ್ಟ ಹೆಸರು ಕತ್ತರಿ. ವೆಬ್ ವಿಳಾಸಗಳನ್ನು ತುಂಡು ಮಾಡುವ ಕೋಡನ್ನು ಅವನು ಸ್ವಂತವಾಗಿ ಬರೆದಿದ್ದ. ವಿಳಾಸವೆಂದರೆ ನಮ್ಮ ಕಣ್ಣಿಗೆ ಉದ್ದನೆಯ ಒಂದು ಸಾಲು. ಕಂಪ್ಯೂಟರಿಗೆ ಮಾತ್ರ ಬಿಡಿಸಿ ಕೊಡಬೇಕು: ಯಾವ ರೀತಿಯಲ್ಲಿ ಹೋಗಬೇಕು, ಯಾವ ಯಂತ್ರದ ಮನೆಗೆ, ಎಷ್ಟನೇ ನಂಬರಿನ ಬಾಗಿಲಿಗೆ, ಒಳಗೆ ದಾರಿ ಯಾವುದು, ಹೋಗಿ ಕೇಳುವ ಪ್ರಶ್ನೆಯೇನು. ಇದಕ್ಕೆ ಸಿದ್ಧ ಸಲಕರಣೆ ಪುಕ್ಕಟೆ ಸಿಗುತ್ತದೆ, ಒಂದು ಸಾಲು ಬರೆದರೆ ಮುಗಿಯಿತು. ಕತ್ತರಿಗೆ ಅದು ಒಗ್ಗದು. ಅಂಗಡಿಯಲ್ಲಿ ತೂಗುಹಾಕಿದ ಅಂಗಿ ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ ಎನ್ನುತ್ತ, ಪುಟಗಟ್ಟಲೆ ಬರೆದು, ಅದನ್ನು ಹೆತ್ತ ಮಗುವಿನಂತೆ ಸಾಕಿಕೊಂಡು ಬಂದಿದ್ದ.

ಹೊಸದಾಗಿ ಬಂದ ಮ್ಯಾನೇಜರಮ್ಮ ಆ ಪುಟಗಳನ್ನು ನೋಡಿ, ತೆಗೆದು ಎಸೆಯಿರಿ ಎಂದರು. ಆದರೆ ಅಲ್ಲೊಂದು ಪದ್ಧತಿಯಿತ್ತು. ಹಳೆಯ ಕೋಡನ್ನು ಎಸೆಯುವ ಮೊದಲು ಬರೆದವನಿಗೆ ಒಂದು ಮಧ್ಯಾಹ್ನ ಕೊಡುತ್ತಿದ್ದರು. ದಿನ ಗೊತ್ತಾದ ಮೇಲೆ ಅದನ್ನು ತಿದ್ದುವಂತಿರಲಿಲ್ಲ. ಗೋಡೆಯ ದೊಡ್ಡ ಪರದೆಯ ಮುಂದೆ ಎಲ್ಲರೂ ಕೂತು ತಮಗೆ ತೋಚಿದ್ದನ್ನೆಲ್ಲ ಅದರ ಮೇಲೆ ಎಸೆಯಬೇಕು. ತಾಳಿದರೆ ಉಳಿಯಿತು, ಬಿದ್ದರೆ ಹೋಯಿತು. ಅದಕ್ಕೆ ಕಲ್ಲೆಸೆತವೆಂದು ಹೆಸರು.

ಬೀಳಿಸುವ ಕಲ್ಲು ಹೆಂಡತಿಯ ಬಳಿಯೇ ಇತ್ತು. ವಿಳಾಸದಲ್ಲಿ ಬಾಗಿಲ ನಂಬರಿಗೆ ಮೊದಲು ಎರಡು ಚುಕ್ಕಿ ಇರುತ್ತದೆ. ಆದರೆ ಕೆಲವು ವಿಳಾಸಗಳಲ್ಲಿ ಯಂತ್ರದ ಹೆಸರಿಗಿಂತ ಮೊದಲೇ ಬಳಕೆದಾರನ ಹೆಸರು, ಅದೇ ಎರಡು ಚುಕ್ಕಿ, ಆಮೇಲೆ ಪಾಸ್‌ವರ್ಡ್ ಬರುತ್ತವೆ. ಗಂಡನ ಕೋಡು ಆ ಎರಡು ಚುಕ್ಕಿಯನ್ನು ಕಂಡದ್ದೇ ತಡ, ಮುಂದಿರುವುದೇ ಬಾಗಿಲ ನಂಬರು ಎಂದು ಕತ್ತರಿಸಿಬಿಡುತ್ತಿತ್ತು. ಹಿಂದಿನ ವಾರ ಇದು ಅವಳ ಕಣ್ಣಿಗೆ ಬಿದ್ದಾಗ ಅವನು ಜ್ವರದಿಂದ ಕಂಬಳಿ ಹೊದ್ದು ಮಲಗಿದ್ದ. ಎದ್ದ ಮೇಲೆ ಹೇಳೋಣವೆಂದುಕೊಂಡಳು. ಅವನು ಎದ್ದ, ಕಲ್ಲೆಸೆತದ ಸುದ್ದಿಯೂ ಬಂತು, ನಾಲಿಗೆ ಏಳಲಿಲ್ಲ. ಹೇಳಿದರೆ ಅವನ ವರ್ಷಗಳ ದುಡಿಮೆ ಕಸದ ಬುಟ್ಟಿಗೆ. ಹೇಳದಿದ್ದರೆ ಗಿರಾಕಿಗಳ ಪಾಸ್‌ವರ್ಡು ಬಾಗಿಲ ನಂಬರಿನ ವೇಷದಲ್ಲಿ ಬೀದಿಗೆ ಬೀಳುವುದು ಖಂಡಿತ.

ಮಧ್ಯಾಹ್ನ ಕಲ್ಲುಗಳು ಬಂದವು. ಲೆಕ್ಕದ ವಿಭಾಗದವನು ರೈಲಿನಷ್ಟುದ್ದದ ವಿಳಾಸ ಎಸೆದ. ಚಿತ್ರ ಬಿಡಿಸುವವಳು ಪ್ರಶ್ನೆಚಿಹ್ನೆಗಳನ್ನು ಸಾಲಾಗಿ ಸುರಿದಳು. ಮತ್ತೊಬ್ಬ ನಡುವೆ ಖಾಲಿ ಜಾಗ ಬಿಟ್ಟು ನೋಡಿದ. ಎಲ್ಲವೂ ಬೆಣ್ಣೆಯಂತೆ ತುಂಡಾದವು. ಕತ್ತರಿಯ ಎದೆ ಉಬ್ಬುತ್ತ ಅಂಗಿಯ ಗುಂಡಿಗಳ ತಾಳ್ಮೆ ಪರೀಕ್ಷಿಸುತ್ತಿತ್ತು.

ತಪ್ಪು ಹುಡುಕುವವರು ಇನ್ನೂ ಏನೂ ಎಸೆದಿಲ್ಲವಲ್ಲ ಎಂದು ಮ್ಯಾನೇಜರಮ್ಮ ಕೇಳಿದರು. ಅವಳು ನೆಲ ನೋಡಿದಳು.

"ಎಸಿಯೇ ತಾಯಿ," ಅಂದ ಗಂಡ. "ಇಲ್ಲಾಂದ್ರೆ ನಾಳೆ ಹೆಂಡ್ತಿ ದಯೆಯಿಂದ ಗೆದ್ದ ಅಂತಾರೆ."

"ಬೇಡ ಬಿಡ್ರಿ."

"ಹೆದರ್ಕೋಬೇಡ. ನೀನೇನು ಎಸೆದ್ರೂ ತಡ್ಕೊಳ್ಳುತ್ತೆ."

ಈ ಮಾತು ಕೇಳಿ ಅವಳಿಗೂ ಸ್ವಲ್ಪ ಸಿಟ್ಟು ಬಂತು, ಸಿಟ್ಟಿನ ಜೊತೆ ಧೈರ್ಯವೂ ಬಂತು. ಹಿಂದಿನ ವಾರ ಕೋಡಿನ ದಾಖಲೆಯಲ್ಲಿ ಕಂಡಿದ್ದ ಆ ವಿಳಾಸವನ್ನು, ಅದು ಅವನದೇ ಯಂತ್ರದ್ದು, ಪಾಸ್‌ವರ್ಡ್ ಸಮೇತ ಇದ್ದ ಹಾಗೇ ಎತ್ತಿ ಹಾಕಿದಳು. ವರ್ಷಗಟ್ಟಲೆ ವಿಳಾಸ ನೋಡಿ ನೋಡಿ ಅವಳ ಕಣ್ಣಿಗೆ ಚುಕ್ಕಿ, ಓರೆಗೆರೆಗಳು ಮಾತ್ರ ಬೀಳುತ್ತಿದ್ದವು. ನಡುವಿನ ಅಕ್ಷರಗಳನ್ನು ಅವಳು ಓದುತ್ತಲೇ ಇರಲಿಲ್ಲ.

ಪರದೆಯ ಮೇಲೆ ಬಾಗಿಲ ನಂಬರಿನ ಜಾಗದಲ್ಲಿ ಅಂಕಿಗೆ ಬದಲು ಅಕ್ಷರಗಳ ಗೊಂಚಲು ಮೂಡಿತು. ಮ್ಯಾನೇಜರಮ್ಮ ಕನ್ನಡಕ ಸರಿಮಾಡಿಕೊಂಡು, ಬಿಡಿಸಿ ಬಿಡಿಸಿ ಓದಿದರು.

"ನನ್ನ... ಹೆಂಡತಿಗೆ... ಎಂದೂ... ಸೋಲಲ್ಲ."

ನಗು ತಗ್ಗಲು ಬಹಳ ಹೊತ್ತು ಹಿಡಿಯಿತು. ಲೆಕ್ಕದವನು ಮೇಜಿನ ಮೇಲೆ ಮಲಗಿಯೇ ಬಿಟ್ಟಿದ್ದ. ಕತ್ತರಿ ಕಿವಿಯವರೆಗೂ ಕೆಂಪಾಗಿ, ಯಾರೂ ಹೇಳದೆ ತಾನೇ ಹೋಗಿ ಪುಟಗಳನ್ನೆಲ್ಲ ಅಳಿಸಿದ. ಸಿದ್ಧ ಸಲಕರಣೆಯ ಒಂದು ಸಾಲು ಬರೆದು, ಹಿಂದೆ ತಿರುಗಿ ನೋಡದೆಯೇ ಹೆಂಡತಿಗೆ ಪರೀಕ್ಷಿಸಲು ಹೇಳಿದ. ವಿಳಾಸ ನೆಟ್ಟಗೆ ತುಂಡಾಯಿತು.

ಎಲ್ಲರೂ ತಮ್ಮ ತಮ್ಮ ಮೇಜಿಗೆ ಹೋದ ಮೇಲೆ ಅವನು ಮೆಲ್ಲಗೆ ಕೇಳಿದ.

"ಯಾವಾಗಿಂದ ಗೊತ್ತಿತ್ತು?"

"ಹೋದ ವಾರದಿಂದ."

"ಆಗಲೇ ಹೇಳೋಕೇನಾಗಿತ್ತು?"

"ನಿಮಗೆ ಜ್ವರ ಇತ್ತಲ್ಲ."

"ಅದು ಮಂಗಳವಾರವೇ ಬಿಟ್ಟಿತ್ತು ಕಣೇ."

"ಈ ಕೋಡಿನ ಜ್ವರ ಬಿಟ್ಟಿರಲಿಲ್ಲ."

ಅವನು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ. ಇನ್ನು ಮುಂದೆ ಮೈ ಕಾದ ಬಾಣಲೆಯಂತಿದ್ದರೂ ತಪ್ಪು ಕಂಡ ತಕ್ಷಣ ಹೇಳಬೇಕೆಂದು ಅಪ್ಪಣೆ ಮಾಡಿದ. ಅವಳು ಒಪ್ಪಿಕೊಂಡಳು. ನಂತರ ಇಡೀ ಕಚೇರಿಗೆ ತಿಳಿದುಹೋದ ಪಾಸ್‌ವರ್ಡನ್ನು ಬದಲಾಯಿಸಲು ಅವನು ಕೀಲಿಮಣೆಯ ಮೇಲೆ ಅಂಗೈ ಮರೆಮಾಡಿ ಕೂತ. ಅವಳು ಮರ್ಯಾದೆಯಿಂದ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಟಕಟಕ ಸದ್ದು ಮುಗಿಯುವಂತೆಯೇ ಕಾಣಲಿಲ್ಲ. ಈ ಸಲದ ಪಾಸ್‌ವರ್ಡು ಬಲು ಉದ್ದವಿತ್ತು.