ಬೋರಣ್ಣ ಒಂಬತ್ತನೇ ಕ್ಲಾಸಿಗೆ ಹೋದದ್ದು

ಗಿರಿಜಾದೇವಿ ಮೇಡಂ ಆ ಮಾತು ಹೇಳಿದಾಗ ಬೋರಣ್ಣ ಅವರ ಮನೆಯ ಗುಲಾಬಿ ಕುಂಡಕ್ಕೆ ಗೊಬ್ಬರ ಹಾಕುತ್ತಿದ್ದ.

"ಬೋರಣ್ಣ, ಈ ಶನಿವಾರ ನೀವು ನಮ್ ಸ್ಕೂಲಿಗೆ ಬರ್ಬೇಕು. ಒಂಬತ್ತನೇ ಕ್ಲಾಸಿಗೆ ಬುಡಕಟ್ಟು ಜನರ ಪಾಠ ಇದೆ. ಪುಸ್ತಕದಲ್ಲಿರೋದು ಒಂದೂವರೆ ಪುಟ. ಮಕ್ಕಳು ನಿಜವಾದೋರ್ನ ನೋಡ್ಲಿ ಅಂತ."

ನಿಜವಾದವರು ಯಾರು ಬಂದರಪ್ಪಾ ಎಂದು ಬೋರಣ್ಣ ಹಿಂದೆ ತಿರುಗಿ ನೋಡಿದ. ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಗಿರಿನಗರದ ಐದಾರು ಮನೆಗಳ ಕೈತೋಟ ನೋಡಿಕೊಂಡು ಬದುಕುವವನು ಅವನು. ಹೋದ ವಾರ ಮೇಡಂ ಕಾಫಿ ಕೊಡುತ್ತಾ ಯಾವ ಊರು ಅಂತ ಕೇಳಿದ್ದರು. ಕನಕಪುರದ ಆಚೆ ಕಾಡಂಚು, ನಾವು ಇರುಳಿಗರು ಅಂದಿದ್ದ. ಅಷ್ಟೇ ಅವನು ಹೇಳಿದ್ದು. ಅವತ್ತಿನಿಂದ ಮೇಡಂ ಅವನನ್ನು ನೋಡುವ ರೀತಿಯೇ ಬೇರೆಯಾಗಿತ್ತು.

"ನಾನೇನ್ ಹೇಳ್ಲಿ ಮೇಡಂ? ಓದಿದೋನಲ್ಲ ನಾನು."

"ಅದಕ್ಕೇ ನೀವು ಬೇಕು. ನಿಮ್ ಕಾಡು, ನಿಮ್ ಊಟ, ಹಾಡು. ಈಗಿನ ಕಷ್ಟ ಸುಖ. ಆಮೇಲೆ ಕಾಡುಗೆಣಸು ಬೇಯಿಸ್ಕೊಂಡು ಬರೋಕಾಗುತ್ತಾ?"

ಬೋರಣ್ಣ ತಲೆಯಾಡಿಸಿದ. ದೊಡ್ಡವರು ಕೇಳಿದರೆ ತಲೆಯಾಡಿಸುವುದು ಅವನ ಅಭ್ಯಾಸ. ಅದೇ ಒಂಬತ್ತನೇ ಕ್ಲಾಸಿನಲ್ಲಿ ತನ್ನ ಮೊಮ್ಮಗಳು ಮಾದೇವಿ ಓದುತ್ತಾಳೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಮೇಡಂ ಒಳಗೆ ಹೋದರು.

ಪದ್ಮನಾಭನಗರದ ಹಿಂದಿನ ಬೀದಿಯ ಶೀಟಿನ ಮನೆಗೆ ಬಂದು ಅವನು ಈ ಸುದ್ದಿ ಹೇಳಿದ್ದು ಖುಷಿಯಿಂದಲೇ. ಮಾದೇವಿ ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟಳು.

"ತಾತ, ನಿಂಗೇನ್ ಹುಚ್ಚಾ?"

"ಯಾಕವ್ವ?"

"ಆ ಪಾಠ ಮಾಡ್ದಾಗ ಹುಡುಗ್ರು ಏನ್ ಮಾಡ್ತಾರೆ ಗೊತ್ತಾ? ಹೋದ್ ವರ್ಷ ಒಂಬತ್ತನೇ ಕ್ಲಾಸಲ್ಲಿದ್ದೋರು ವಾರಗಟ್ಟಲೆ ಬಾಯ್ ಬಡ್ಕೊಂಡು ಕುಣಿದ್ರು. ಪುಸ್ತಕದಲ್ಲಿ ಒಬ್ಬ ಎಲೆ ಕಟ್ಕೊಂಡು ನಿಂತವ್ನೆ. ನಾನು ಕನಕಪುರದ ಕಡೆಯೋಳು ಅಂತಷ್ಟೇ ಹೇಳಿ ಸುಮ್ನಿದೀನಿ. ನೀನ್ ಬಂದು ನನ್ನ ಮೊಮ್ಮಗಳು ಅಂದ್ಬಿಟ್ರೆ?"

"ಒಪ್ಕೊಂಡು ಬಂದ್ನಲ್ಲವ್ವ."

"ಹಂಗಾದ್ರೆ ನಾನ್ಯಾರು ಅಂತ ಹೇಳ್ಬೇಡ. ಹೇಳಿದ್ರೆ ಸೋಮವಾರದಿಂದ ನಾನು ಸ್ಕೂಲಿಗೇ ಹೋಗಲ್ಲ. ನೋಡ್ತಾ ಇರು."

ಅವಳು ಆಡಿದ ಹಾಗೆ ಮಾಡುವವಳೇ. ಒಲೆಯ ಮುಂದಿದ್ದ ಅವಳಮ್ಮ ಗೋವಿಂದಮ್ಮ ತಿರುಗಿ ನೋಡದೆಯೇ, "ಹೇಳ್ಬೇಡ ಬಿಡಪ್ಪ. ನಾನಂತೂ ನಾಲ್ಕ್ ಮನೆ ಪಾತ್ರೆ ತಿಕ್ತಾ ಇದೀನಿ. ಇದೊಂದು ಓದ್ಲಿ" ಅಂದಳು. ಬೋರಣ್ಣ ಮಾತು ಕೊಟ್ಟ. ತನ್ನವಳನ್ನು ತನ್ನವಳಲ್ಲ ಎನ್ನುವುದು ಹೇಗೆ ಎಂದು ಮಾತ್ರ ತಿಳಿಯಲಿಲ್ಲ. ಹೇಳದೆ ಇರುವುದೂ 'ಅಲ್ಲ' ಎನ್ನುವುದೂ ಒಂದೇನಾ, ಬೇರೆಯಾ? ಮಲಗುವವರೆಗೂ ಅದನ್ನೇ ಯೋಚಿಸಿದ.

ಸಂಕ್ರಾಂತಿ ಹತ್ತಿರವಿತ್ತು. ಗೆಣಸಿಗಾಗಿ ಅವನು ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಹೋದ. ಕಾಡಿಗೆ ಹೋಗಿ ಅಗೆಯುವ ಕಾಲ ಯಾವತ್ತೋ ಹೋಗಿತ್ತು. ಅಗೆಯುತ್ತಿದ್ದವಳು ಅವನ ಅವ್ವ, ಇವನು ಬುಟ್ಟಿ ಹಿಡಿದುಕೊಂಡು ಹಿಂದೆ ಓಡುತ್ತಿದ್ದ ಅಷ್ಟೆ. ಮೀಸೆ ಬರುವ ಮೊದಲೇ ಊರು ಬಿಟ್ಟದ್ದು, ಆಮೇಲೆ ಕಲ್ಲು ಒಡೆದದ್ದು, ಆಮೇಲೆ ಕುಂಡಕ್ಕೆ ನೀರು ಹಾಕಿದ್ದು.

"ಇದು ಕಾಡಿಂದಾ?" ಎಂದು ಕಾಡುಗೆಣಸಿನಂತೆಯೇ ಕಾಣುವ ಹೆಗ್ಗೆಣಸು ಮಾರುವವಳನ್ನು ಕೇಳಿದ.

"ಯಾವ ಕಾಡು ತಾತ? ಲಾರೀಲಿ ಬಂತು."

ಅದನ್ನೇ ತಂದ. ಗೋವಿಂದಮ್ಮ ಬೇಯಿಸಿಕೊಟ್ಟಳು.

ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸ್ಕೂಲಿನ ಗೇಟಿಗೆ ಬಂದಾಗ ಗಿರಿಜಾದೇವಿ ಮೇಡಂ ಮುಖ ಸ್ವಲ್ಪ ಸಪ್ಪಗಾಯಿತು.

"ನಿಮ್ ಡ್ರೆಸ್ಸಲ್ಲಿ ಬರ್ತೀರಿ ಅಂದ್ಕೊಂಡಿದ್ದೆ."

"ಇದು ನಂದೇ ಮೇಡಂ. ದೀಪಾವಳಿಗೆ ಹೊಲಿಸಿದ್ದು."

ಕ್ಲಾಸಿನಲ್ಲಿ ಮಕ್ಕಳೆಲ್ಲ ಎದ್ದು ನಿಂತು ನಮಸ್ತೆ ಹೇಳಿದರು. ಅಷ್ಟು ಜನ ತನಗಾಗಿ ಎದ್ದು ನಿಂತದ್ದು ಬೋರಣ್ಣನಿಗೆ ಅದೇ ಮೊದಲು. ಅವನು ಬಾಗಿಲ ಕಡೆ ಸರಿದ. ಮೇಡಂ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಮಾದೇವಿ ಕಿಟಕಿಯ ಪಕ್ಕ ಎರಡನೇ ಬೆಂಚಿನಲ್ಲಿದ್ದಳು. ಪುಸ್ತಕದ ಮೇಲೆ ಕಣ್ಣು. ಅವನು ನೋಡಲಿಲ್ಲ. ನೋಡಬಾರದು ಎಂದು ಕಪ್ಪು ಹಲಗೆಯನ್ನೇ ನೋಡಿಕೊಂಡು ಮಾತಾಡಿದ, ಹಾಗಾಗಿ ಮಕ್ಕಳಿಗೆ ಅವನ ಬೆನ್ನೇ ಹೆಚ್ಚು ಕಂಡಿತು.

ಮುಂದಿನ ಬೆಂಚಿನ ಶ್ವೇತಾ ಎದ್ದಳು. ಗದಗದ ಕಡೆಯಿಂದ ಬಂದ ಹುಡುಗಿ, ಮಾದೇವಿಯ ಗೆಳತಿ. ಮನೆಯ ಹತ್ತಿರ ಮಾತ್ರ ಯಾವತ್ತೂ ಬಂದವಳಲ್ಲ.

"ಅಜ್ಜಾರ, ನೀವು ಬಾಣ ಬಿಡ್ತೀರೇನ್ರೀ?"

"ಇಲ್ಲವ್ವ. ಪೈಪಲ್ಲಿ ನೀರು ಬಿಡ್ತೀನಿ."

ಮಕ್ಕಳು ನಕ್ಕರು. ನಗಿಸಲೆಂದು ಅವನು ಹೇಳಿರಲಿಲ್ಲ. ಆದರೂ ಆಮೇಲೆ ಮಾತು ಸಲೀಸಾಯಿತು.

"ಕಾಡು ಯಾಕ್ ಬಿಟ್ರಿ?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ನಾವೇನ್ ಬಿಡ್ಲಿಲ್ಲ. ಯಾರೋ ಖಾಕಿ ಬಟ್ಟೆಯೋರು ಬಂದು, ಇದು ಪ್ರಾಣಿಗಳ ಜಾಗ ಅಂದ್ರು. ಹಂಗಾದ್ರೆ ನಮ್ ಜಾಗ ಎಲ್ಲಿ ಅಂತ ಕೇಳ್ಬೇಕಿತ್ತು. ನಮ್ಮಪ್ಪಂಗೆ ಅದು ಹೊಳೀಲಿಲ್ಲ. ಕೋಳಿ ಹಿಡ್ಕೊಂಡು ಹೊರಟ."

ಮೇಡಂ ಕಣ್ಣು ಒರೆಸಿಕೊಂಡು, ಈಗ ಒಂದು ಹಾಡು ಅಂದರು. ಬೋರಣ್ಣ ಎರಡು ಸಾಲು ಹಾಡಿ ನಿಲ್ಲಿಸಿದ. ಅದು ಅವ್ವ ಹೇಳುತ್ತಿದ್ದದ್ದೋ, ಕಲ್ಲು ಕ್ವಾರಿಯ ರೇಡಿಯೋದಲ್ಲಿ ಕೇಳಿದ್ದೋ ಅವನಿಗೇ ಅನುಮಾನ ಬಂದಿತ್ತು. ಅದನ್ನೂ ಹೇಳಿದ. ಮೇಡಂ "ಪರವಾಗಿಲ್ಲ, ಪರವಾಗಿಲ್ಲ, ಗೆಣಸು ಕೊಡಿ" ಅಂದರು.

ಗೆಣಸು ಹೆಚ್ಚಿ ಮೊದಲ ತುಂಡು ಕೈಗೆತ್ತಿಕೊಂಡ. ಕೈ ಅಲ್ಲಿಯೇ ನಿಂತಿತು.

ಅವನ ಮನೆಯಲ್ಲಿ ಒಂದು ರೂಢಿ. ಎಲ್ಲ ಇರುಳಿಗರಿಗೂ ಇತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ, ಅವ್ವ ಬಿಡದೆ ನಡೆಸುತ್ತಿದ್ದಳು. ಬೆಂದ ಗೆಣಸಿನ ಮೊದಲ ತುಂಡು ಮನೆಯ ಮಗುವಿನ ಕೈಗೆ ಹೋಗಬೇಕು, ಆಮೇಲೆ ಬೇರೆಯವರಿಗೆ. ಮಗು ಎದುರಿಗಿದ್ದೂ ಕೊಡದೆ ಹೊರಗಿನವರಿಗೆ ಕೊಟ್ಟರೆ, ಈ ಮಗು ನಮ್ಮದಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಮಾದೇವಿ ಹಲ್ಲು ಬಂದಾಗಿನಿಂದ ಹಾಗೆಯೇ ತಿಂದವಳು.

ಇದು ಯಾಕೆ ಮೊದಲೇ ನೆನಪಾಗಲಿಲ್ಲ? ಕೊಟ್ಟರೆ ಎಲ್ಲರಿಗೂ ತಿಳಿದುಹೋಗುತ್ತದೆ. ಕೊಟ್ಟ ಮಾತು ಹೋಗುತ್ತದೆ, ಹುಡುಗಿ ಸ್ಕೂಲು ಬಿಡುತ್ತಾಳೆ. ಕೊಡದಿದ್ದರೆ? ಇದು ಮಾರ್ಕೆಟ್ಟಿನ ಗೆಣಸು, ಅಗೆದದ್ದಲ್ಲ. ಲಾರಿಯಲ್ಲಿ ಬಂದದ್ದಕ್ಕೆ ಅವ್ವನ ಮಾತು ತಗಲುತ್ತದೋ ಇಲ್ಲವೋ? ಕೇಳೋಣವೆಂದರೆ ಅವ್ವ ಇಲ್ಲ.

"ನೋಡಿ ಮಕ್ಕಳೇ," ಮೇಡಂ ಮೆಲ್ಲಗೆ ಹೇಳಿದರು, "ಆಹಾರ ಹಂಚೋ ಮುಂಚೆ ಅವರು ಮೌನವಾಗಿ ಪ್ರಾರ್ಥನೆ ಮಾಡ್ತಾರೆ. ಬರ್ಕೊಳ್ಳಿ."

ಮಕ್ಕಳು ಬರೆದುಕೊಂಡರು. ಮಾದೇವಿಯೂ ಬರೆದಳೋ ಏನೋ, ಅವನು ಆ ಕಡೆ ನೋಡಲಿಲ್ಲ.

"ಅಜ್ಜಾರ, ನನಗ ಕೊಡ್ರೀ, ಹಸಿವಾಗೇತಿ" ಎಂದು ಶ್ವೇತಾ ಕೈ ಚಾಚಿದಳು. ಬೋರಣ್ಣನ ಕೈ ತಾನಾಗಿ ಮುಂದೆ ಹೋಯಿತು. ಕೊಟ್ಟುಬಿಟ್ಟ.

ಮುಂದೆಲ್ಲ ಸುಲಭ. ಬೆಂಚಿನಿಂದ ಬೆಂಚಿಗೆ ಹೋದ. ಎಲ್ಲರೂ ಥ್ಯಾಂಕ್ಸ್ ತಾತ, ಥ್ಯಾಂಕ್ಸ್ ತಾತ ಅಂದರು. ಮಾದೇವಿಯೂ ಅಂದಳು. ಅಷ್ಟು ತಾತಗಳ ನಡುವೆ ಅದೂ ಒಂದಾಗಿ ಹೋಯಿತು.

ಗೇಟಿನವರೆಗೂ ಬಂದ ಮೇಡಂ, "ಸಖತ್ತಾಗಿತ್ತು ಬೋರಣ್ಣ. ಮುಂದಿನ ಶನಿವಾರ ಬಿ ಸೆಕ್ಷನ್ನಿಗೂ ಬರ್ಬೇಕು" ಅಂದರು. ಅವನು ತಲೆಯಾಡಿಸಿದ.

ಮಾತು ಉಳಿಸಿಕೊಂಡೆನಲ್ಲ ಎಂಬ ಸಮಾಧಾನದಲ್ಲಿ ಮನೆಗೆ ಬಂದರೆ ಮಾದೇವಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಗೋವಿಂದಮ್ಮ ಊಟಕ್ಕೆ ಕರೆದರೂ ಏಳಲಿಲ್ಲ. ಅತ್ತಿದ್ದಾಳೆ ಎಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

"ಏನಾಯ್ತವ್ವ? ಯಾರಿಗಾದ್ರೂ ಗೊತ್ತಾಯ್ತಾ? ನಾನ್ ಒಂದ್ ಮಾತೂ ಆಡ್ಲಿಲ್ಲ."

"ಶ್ವೇತಂಗೆ ಕೊಟ್ಟೆ."

"ಆಂ?"

"ಮೊದಲ್ನೇ ತುಂಡು. ನಾನ್ ಅಲ್ಲೇ ಕೂತಿದ್ದೆ. ಶ್ವೇತಂಗೆ ಕೊಟ್ಟೆ."

ಬೋರಣ್ಣ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ. "ನೀನೇ ಅಲ್ವಾ ಹೇಳ್ಬೇಡ ಅಂದಿದ್ದು?"

"ಹೇಳ್ಬೇಡ ಅಂದಿದ್ದೆ. ಕೊಡ್ಬೇಡ ಅಂದಿದ್ನಾ?"

"ಕೊಟ್ಟಿದ್ರೆ ಎಲ್ರಿಗೂ ತಿಳಿದುಹೋಗ್ತಿತ್ತಲ್ಲವ್ವ."

"ಹೆಂಗ್ ತಿಳೀತಿತ್ತು ತಾತ? ನಮ್ಮನೆ ವಿಷ್ಯ ಅವ್ರಿಗೇನ್ ಗೊತ್ತು? ಅವ್ರು ಪ್ರಾರ್ಥನೆ ಅಂತ ಬರ್ಕೊಂಡವ್ರೆ. ಇಡೀ ಕ್ಲಾಸಲ್ಲಿ ಅದು ಗೊತ್ತಿದ್ದೋಳು ನಾನೊಬ್ಳೇ."

ಹೌದಲ್ಲ, ತುಂಡು ಗೆಣಸು ಯಾರ ಕೈಗೆ ಮೊದಲು ಹೋಯಿತು ಎಂದು ಲೆಕ್ಕ ಇಡುವವರು ಅಲ್ಲಿ ಯಾರಿದ್ದರು? ಲೋಕವೆಲ್ಲ ಅವ್ವನ ಅಂಗಳದಲ್ಲೇ ಕೂತಿದೆ ಎಂದುಕೊಂಡುಬಿಟ್ಟಿದ್ದ. ಆದರೆ ಹೇಳಬೇಡ ಅಂದವಳೇ ಈಗ ಹೀಗೆ ಅಳುವುದೆಂದರೆ ಏನು? ತನ್ನವಳು ಅನ್ನಿಸಿಕೊಳ್ಳುವುದು ಅವಳಿಗೆ ಬೇಕಿತ್ತಾ, ಬೇಡವಾಗಿತ್ತಾ?

"ಮುಂದಿನ ಶನಿವಾರ ಬಿ ಸೆಕ್ಷನ್ನಂತೆ," ಅಂದ ಕೊನೆಗೆ. "ಆಗಲ್ಲ ಅಂದ್ಬಿಡ್ಲಾ?"

ಮಾದೇವಿ ಮೂಗು ಒರೆಸಿಕೊಂಡಳು. ಹೊರಗೆ ಯಾರೋ ಸ್ಕೂಟರ್ ಒದ್ದು ಒದ್ದು ಸುಸ್ತಾಗಿ ತಳ್ಳಿಕೊಂಡು ಹೋದರು.

"ಹೋಗು. ನಾನೂ ಬರ್ತೀನಿ."

"ಅದು ನಿನ್ ಕ್ಲಾಸಲ್ವಲ್ಲ. ಯಾಕ್ ಬಂದೆ ಅಂತ ಮೇಡಂ ಕೇಳ್ತಾರೆ."

"ಕೇಳ್ಲಿ."

"ಏನಂತೀಯಾ?"

"ಗೊತ್ತಿಲ್ಲ ತಾತ. ಆಗ ನೋಡೋಣ." ಅವಳು ಎದ್ದು ತಟ್ಟೆ ತೆಗೆದುಕೊಂಡಳು. "ಇನ್ನೊಂದ್ ಸಲ ಬೋರ್ಡ್ ನೋಡ್ಕೊಂಡು ಮಾತಾಡ್ಬೇಡ. ಎಲ್ರೂ ನಕ್ರು."

ಹಾಗಾದರೆ ನಾನು ಹೇಳಬೇಕೋ, ಹೇಳಬಾರದೋ? ಕೇಳಬೇಕೆನಿಸಿತು. ಕೇಳಿದರೆ ಬರುವುದೇ ಇಲ್ಲ ಅಂದುಬಿಟ್ಟಾಳು ಎಂದು ಬೋರಣ್ಣ ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂತ.