ಅತ್ತೆಯ ಪುಡಿ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಎಣಿಕೆಯಮ್ಮ ಅನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವಳ ಕೆಲಸವೇ ಅದು. ನಾಟಿ ವೈದ್ಯರು ಚಳಿಜ್ವರಕ್ಕೆ ಕೊಡುವ ಬೇರು, ತೊಗಟೆ, ಎಲೆ ಏನು ಬಂದರೂ ಅದರ ಸಾರ ತೆಗೆಯಬೇಕು, ಗಾಜಿನ ತಟ್ಟೆಯಲ್ಲಿ ಸಾಕಿದ ಮಲೇರಿಯಾ ರೋಗಾಣುಗಳ ಮೇಲೆ ಹಾಕಬೇಕು, ಎರಡು ದಿನ ಬಿಟ್ಟು ಎಷ್ಟು ಸತ್ತವು, ಎಷ್ಟು ಉಳಿದವು ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಎಪ್ಪತ್ತೆರಡು ಗಿಡಗಳು ಬಂದು ಹೋಗಿದ್ದವು. ಒಂದೂ ಕೈಹಿಡಿದಿರಲಿಲ್ಲ.

ಎಪ್ಪತ್ತಮೂರನೆಯದು ಅವಳ ಸೋದರತ್ತೆಯ ಪುಡಿ. ತಾಯಿಯಿಲ್ಲದ ಅವಳನ್ನು ಸಾಕಿ ಬೆಳೆಸಿದ ಅತ್ತೆ ಊರಲ್ಲಿ ಹೆಸರಾದ ನಾಟಿ ವೈದ್ಯೆ. ಒಂದು ಕಹಿಬಳ್ಳಿಯ ಎಲೆ ಒಣಗಿಸಿ ಕುಟ್ಟಿ ಕೊಟ್ಟರೆ ಮೂರೇ ದಿನಕ್ಕೆ ಜ್ವರ ಬಿಡುತ್ತದೆ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಆ ಕೈಗುಣವನ್ನು ಹೊಗಳಿ ಹೊಗಳಿ ಲ್ಯಾಬಿನ ಮುಖ್ಯಸ್ಥೆ ಮೇಡಂ ಅವರ ಕಿವಿ ತೂತು ಮಾಡಿ, ಎಣಿಕೆಯಮ್ಮನೇ ಪುಡಿ ತರಿಸಿದ್ದಳು.

ಲ್ಯಾಬಿನಲ್ಲಿ ರೋಗಾಣುಗಳ ಎರಡು ಜಾತಿ ಸಾಕಿದ್ದರು. ಒಂದು, ಹಳೆಯ ಮಲೇರಿಯಾ ಮಾತ್ರೆಗೆ ಸಾಯುವಂಥದ್ದು. ಇನ್ನೊಂದು, ಅದೇ ಮಾತ್ರೆ ತಿಂದು ತಿಂದು ಜಗ್ಗದಷ್ಟು ಗಟ್ಟಿಯಾದದ್ದು. ಅತ್ತೆಯ ಪುಡಿ ಬಿದ್ದ ಮೊದಲ ತಟ್ಟೆಯಲ್ಲಿ ಒಂದೂ ಬದುಕಿರಲಿಲ್ಲ. ಎರಡನೆಯದರಲ್ಲಿ ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಎಲ್ಲವೂ ಆರಾಮಾಗಿದ್ದವು.

"ಒಂದನ್ನಾದ್ರೂ ಕೊಂದಿತಲ್ಲ! ಬೇಗ ವರದಿ ಬರಿ," ಅಂದರು ಮೇಡಂ. ಅವರು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಅವಳಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮಾತ್ರೆ ಕೊಲ್ಲುವುದನ್ನೇ ಪುಡಿಯೂ ಕೊಲ್ಲುತ್ತದೆ, ಮಾತ್ರೆ ಬಿಡುವುದನ್ನೇ ಪುಡಿಯೂ ಬಿಡುತ್ತದೆ. ಇದೆಂಥ ಎಲೆ? ವರದಿಯ ಮೊದಲ ಸಾಲನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಳು. ಚಹಾ ತಣ್ಣಗಾಯಿತು. ಮನೆಯಲ್ಲಿ ಗಂಡ, "ಏನೇ, ಬೆಂಕಿ ತುಳಿದೋಳ ಹಾಗೆ ಒಳಗೂ ಹೊರಗೂ ಓಡಾಡ್ತಿದ್ದೀಯ?" ಎಂದ. ಎರಡು ದಿನ ತಡೆದಳು. ಮೂರನೆಯ ದಿನ ಮೇಡಂಗೆ ಹೇಳದೆ, ಒಂದು ಚಿಟಿಕೆ ಪುಡಿಯನ್ನು ಬೆರಕೆ ಬಿಡಿಸಿ ತೋರಿಸುವ ಯಂತ್ರಕ್ಕೆ ಹಾಕಿಸಿದಳು. ಕಾಗದದ ಮೇಲೆ ಎದ್ದ ಗೆರೆ ಹಳೆಯ ಮಾತ್ರೆಯದೇ ಗೆರೆ.

ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೋದಳು. ಅತ್ತೆ ಜಗಲಿಯ ಮೇಲೆ ಒರಳಿನ ಮುಂದೆ ಕೂತು ಎಲೆ ಕುಟ್ಟುತ್ತಿದ್ದಳು.

"ಅತ್ತೆ, ಪುಡಿಗೆ ಏನು ಬೆರೆಸ್ತೀಯಾ?"

"ಎಲೆ."

"ಅತ್ತೆ!"

ಒನಕೆ ನಿಂತಿತು. "ಮೊದಲು ನೀರು ಕುಡಿ."

"ಬೇಡ. ಹೇಳು."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು. "ಎಂಟು ವರ್ಷದ ಹಿಂದೆ ಒಂದು ಹೆಣ್ಣುಮಗೂನ ಕರ್ಕೊಂಡು ಬಂದ್ರು. ಬರೀ ಎಲೆ ಕೊಟ್ಟೆ. ನಾಲ್ಕನೇ ದಿನ ಮಗು ಇರಲಿಲ್ಲ. ಆಸ್ಪತ್ರೆಗೆ ಹೋಗ್ರೋ ಅಂದ್ರೆ ಇವರು ಹೋಗಲ್ಲ. ಮಾತ್ರೆ ಕೊಟ್ರೆ ಉಷ್ಣ ಅಂತ ಹಿತ್ತಲಿಗೆ ಎಸೀತಾರೆ. ನನ್ನ ಪುಡಿ ಅಂದ್ರೆ ಕಣ್ಣು ಮುಚ್ಕೊಂಡು ನುಂಗ್ತಾರೆ. ಅದಕ್ಕೇ ಪೇಟೆಯಿಂದ ಮಾತ್ರೆ ತಂದು ಕುಟ್ಟಿ ಹಾಕಿದೆ. ತಪ್ಪಾ?"

"ನನಗ್ಯಾಕೆ ಅದನ್ನ ಕಳಿಸಿದೆ?"

"ಎಲ್ಲರ ಮುಂದೆ ನನ್ನ ಹೊಗಳಿಟ್ಟಿದ್ಯಲ್ಲೇ. ಬರೀ ಎಲೆ ಕಳಿಸಿ ನಿನ್ನ ಮುಖಕ್ಕೆ ಮಸಿ ಬಳೀಲಾ?"

ಕೋಪವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಎರಡನೆಯ ತಟ್ಟೆಯ ಕಥೆ ಹೇಳಿದಳು. "ಆ ಗಟ್ಟಿ ಜಾತಿ ಇಲ್ಲಿಗೆ ಬಂದ್ರೆ ನಿನ್ನ ಪುಡಿ ನಂಬ್ಕೊಂಡು ಜನ ಮನೇಲೇ ಮಲಗಿರ್ತಾರೆ ಅತ್ತೆ. ಮಲಗಿದಲ್ಲೇ ಸಾಯ್ತಾರೆ."

ಅತ್ತೆಯ ಮುಖ ಬಿಳಿಚಿತು. "ಬೀದಿ ಕೊನೆಯ ದರ್ಜಿಗೆ ಮೂರು ದಿನಕ್ಕೆ ಜ್ವರ ಬಿಡಲಿಲ್ಲ. ಇವತ್ತಿಗೆ ಆರು ದಿನ. ನಿನ್ನೆಯಿಂದ ಎರಡು ಪಾಲು ಕೊಡ್ತಿದ್ದೀನಿ."

ಇಬ್ಬರೂ ಎದ್ದು ಓಡಿದರು. ಅತ್ತೆಗೆ ಚಪ್ಪಲಿಯ ನೆನಪೂ ಆಗಲಿಲ್ಲ.

ದರ್ಜಿ ಹೊಲಿಗೆ ಯಂತ್ರದ ಪಕ್ಕ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಕಣ್ಣು ಹಳದಿಯಾಗಿತ್ತು. ಆಸ್ಪತ್ರೆ ಅಂದ ಕೂಡಲೇ ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮ ಪುಡಿ ಇದ್ಯಲ್ಲಮ್ಮ, ಇನ್ನೆರಡು ದಿನ ನೋಡೋಣ."

ಅತ್ತೆ ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಹೇಳಿದಳು: "ಅದು ನನ್ನ ಎಲೆಯಲ್ಲ ಕಣಮ್ಮ. ಪೇಟೆ ಮಾತ್ರೆ. ಎಂಟು ವರ್ಷದಿಂದ ನಿಮಗೆಲ್ಲ ಅದನ್ನೇ ತಿನ್ನಿಸಿದ್ದೀನಿ. ಈಗ ಅದೂ ಕೆಲಸ ಮಾಡ್ತಿಲ್ಲ. ದಾರಿ ಬಿಡು."

ಆ ಹೆಂಗಸು ಬಾಯಿಗೆ ಬಂದ ಹಾಗೆ ಬೈದಳು. ಬೈಯುತ್ತಲೇ ಗಂಡನನ್ನು ಎತ್ತಲು ಕಾಲು ಹಿಡಿದಳು, ಎಣಿಕೆಯಮ್ಮ ತಲೆ ಹಿಡಿದಳು. ಆಟೋದಲ್ಲಿ ಆಸ್ಪತ್ರೆ ಸೇರಿದರು. ರಕ್ತದಲ್ಲಿ ರೋಗಾಣು ತುಂಬಿತ್ತು. ಡಾಕ್ಟರು ಬೇರೆ ಔಷಧಿಯನ್ನು ನರಕ್ಕೆ ಕೊಟ್ಟರು. ಎರಡು ದಿನ ಏನೂ ಹೇಳಲಾಗದ ಸ್ಥಿತಿ. ಮೂರನೆಯ ದಿನ ದರ್ಜಿ ಕಣ್ಣು ಬಿಟ್ಟು, ಡಾಕ್ಟರ ಕೋಟು ನೋಡಿ, "ಭುಜದ ಹೊಲಿಗೆ ಸರಿಯಿಲ್ಲ" ಅಂದನಂತೆ.

ಲ್ಯಾಬಿಗೆ ಮರಳಿ ಎಣಿಕೆಯಮ್ಮ ಮೇಡಂಗೆ ಎಲ್ಲವನ್ನೂ ಹೇಳಿದಳು. "ಬರೀ ಎಲೆ ತರಿಸು," ಅಂದರು ಅವರು. ತರಿಸಿದಳು. ಎರಡು ತಟ್ಟೆಯಲ್ಲೂ ರೋಗಾಣುಗಳು ಹಾಯಾಗಿದ್ದವು. ಹಾಗೆಂದೇ ಬರೆದಳು.

ಅತ್ತೆಯ ಜಗಲಿಗೆ ಈಗ ಮೊದಲಿನಷ್ಟು ಜನ ಬರುವುದಿಲ್ಲ. ಬಂದವರನ್ನು ಅವಳು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ದರ್ಜಿಯ ಹೆಂಡತಿ ಇವತ್ತಿಗೂ ಮಾತಾಡಿಸುವುದಿಲ್ಲ.

"ಮುನಿಸ್ಕೊಂಡಿರಲಿ ಬಿಡು," ಅಂತಾಳೆ ಅತ್ತೆ ಫೋನಿನಲ್ಲಿ. ಆಮೇಲೆ ದನಿ ತಗ್ಗಿಸಿ, "ಅವನಿಗಿಂತ ಮೊದಲು ಯಾರಿಗಾದ್ರೂ ಹೀಗಾಗಿತ್ತಾ ಅಂತ ಯೋಚನೆ ಬರುತ್ತೆ ಕಣೇ. ನಂಗೆ ಗೊತ್ತಾಗದೇ ಇದ್ದೋರು," ಅಂತಾಳೆ.

ಎಣಿಕೆಯಮ್ಮ ಫೋನು ಕಿವಿಗಿಟ್ಟುಕೊಂಡೇ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾಳೆ.