ಎತ್ತಿಕೊಟ್ಟ ಮಾತು

"ರಕ್ತ ಅಂದ್ರೆ ಇಷ್ಟು ನೀರುನೀರಾಗಿರುತ್ತಾ?"

ನಾಟಕದ ಬಣ್ಣದವನು ಯಾರನ್ನೂ ಕೇಳಿದ್ದಲ್ಲ. ತಟ್ಟೆಯಲ್ಲಿ ಕೆಂಪು ಕಲಸುತ್ತಾ, ಬೆರಳ ತುದಿಯ ಹನಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ತನಗೆ ತಾನೇ ಗೊಣಗಿಕೊಂಡಿದ್ದ. ಅವನೆದುರು ಸ್ಟೂಲಿನ ಮೇಲೆ ಕೂತಿದ್ದ ತಮ್ಮನಿಗೆ ಸುಮ್ಮನಿರಲು ಬರುತ್ತದೆಯೇ?

"ಗಟ್ಟಿ ಬೇಕಾದ್ರೆ ಸ್ವಲ್ಪ ತಡಿಯಪ್ಪ, ಗೂಳಿ ಬರ್ಲಿ. ಅಸಲಿದೇ ಸಿಗುತ್ತೆ."

ಬಣ್ಣದ ಕೋಣೆಯಲ್ಲಿದ್ದವರೆಲ್ಲ ನಕ್ಕರು. ತಮ್ಮನ ಅಂಗಿಯ ಭುಜಕ್ಕೆ ಹೊಲಿಗೆ ಹಾಕುತ್ತಿದ್ದ ಅಕ್ಕ ನಗಲಿಲ್ಲ. "ಬಾಯಿಗೊಂದು ಬೀಗ ಹಾಕೋ. ಆಡೋ ಮಾತಾ ಅದು?" ಎಂದು ಹಲ್ಲಿನಿಂದ ದಾರ ಕಡಿದಳು.

ಗೂಳಿ ಎಂದರೆ ಮಿಲ್ಲಿನ ಲಾರಿಗಳಿಗೆ ಸರಕು ಹೇರುವ ಹೊಳೆಯಾಚೆಯ ಲೋಡರ್. ಹಿಂದಿನ ವರ್ಷ ಮಿಲ್ಲಿನಲ್ಲಿ ಮುಷ್ಕರವಾದಾಗ ಹೊಳೆಯಾಚೆಯವರು ಗೇಟಿಗೆ ಅಡ್ಡ ಕೂತಿದ್ದರು. ಹೊಳೆಯೀಚೆಯವರು ಅವರನ್ನು ದಾಟಿಕೊಂಡು ಕೆಲಸಕ್ಕೆ ಹೋದರು. ಮೊದಲು ದಾಟಿದವನು ತಮ್ಮ. ಆ ನೂಕುನುಗ್ಗಲಿನಲ್ಲಿ ಗೂಳಿಯ ಅಣ್ಣ ಲಾರಿಯ ಚಕ್ರದಡಿ ಸಿಕ್ಕಿ ಕಾಲು ಕಳೆದುಕೊಂಡ. ಆಮೇಲೆ ಸೇತುವೆಯ ಮೇಲೆ ಎಷ್ಟು ತಲೆ ಒಡೆದವೋ, ಎಷ್ಟು ಅಂಗಡಿಗಳ ಬಾಗಿಲು ಸುಟ್ಟುಹೋದವೋ, ಲೆಕ್ಕ ಇಟ್ಟವರಿಲ್ಲ.

ಎರಡೂ ಕಡೆಯವರನ್ನು ಒಂದು ಮಾಡಲೇಬೇಕೆಂದು ಊರಿನ ಕಲಾ ಮಂಡಳಿಯ ಮೇಷ್ಟ್ರು ಹಟ ಹಿಡಿದದ್ದು ಆಗಲೇ. ಹಾಡಿನ ಸಂಜೆ ನಡೆಸಿದರು, ಮಕ್ಕಳ ಚಿತ್ರಗಳನ್ನು ಸೇತುವೆಯ ಕಂಬಿಗೆ ತೂಗುಹಾಕಿಸಿದರು. ಕೊನೆಗೆ ನಾಟಕ. ಅದಕ್ಕೆ ಮಂಡಳಿಯದೇ ಒಂದು ಕಟ್ಟಳೆ ಇತ್ತು: ಯಾರಿಗೆ ಯಾರ ಮುಖ ಕಂಡರಾಗದೋ, ಅವರಿಬ್ಬರಿಗೂ ಎದುರುಬದುರು ಪಾತ್ರ. "ರಂಗದ ಮೇಲೆ ಬಡಿದಾಡ್ಕೊಳ್ಳಲಿ, ಬೀದಿಗೆ ಉಳಿಯೋದು ಬೇಡ," ಎನ್ನುತ್ತಿದ್ದರು ಮೇಷ್ಟ್ರು. ಹೀಗೆ ಗೂಳಿ ರಾಜನಾದ, ತಮ್ಮ ಬಂಡಾಯಗಾರನಾದ.

ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಅಕ್ಕನದು ರಂಗದ ಪಕ್ಕದ ಪರದೆಯ ಮರೆಯ ಕೆಲಸ. ಯಾರಾದರೂ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು. ಅವಳಪ್ಪ ಸಂಜೆಯಾದರೆ ದೀಪದ ಮುಂದೆ ಪದ್ಯ ಹೇಳುತ್ತಿದ್ದ. ಇವಳು ಕಂಬಕ್ಕೊರಗಿ ಕೇಳುತ್ತ ಬೆಳೆದವಳು. ಒಮ್ಮೆ ಕಿವಿಗೆ ಬಿದ್ದದ್ದು ಎದೆಯಲ್ಲಿ ಉಳಿಯುತ್ತಿತ್ತು. ಪದ್ಯ ಅರ್ಧಕ್ಕೆ ನಿಂತರೆ ದೇವರಿಗೆ ಕೊಟ್ಟ ಮಾತು ತಪ್ಪಿದಷ್ಟೇ ಸಂಕಟ ಅವಳಿಗೆ.

ಹೊಡೆಯುವ ದೃಶ್ಯವನ್ನು ವಾರಗಟ್ಟಲೆ ತಿದ್ದಿದ್ದರು. ರಾಜ ಬಂಡಾಯಗಾರನನ್ನು ಕಂಬಕ್ಕೆ ಕಟ್ಟುತ್ತಾನೆ. ಗಂಟು ಎಳೆದರೆ ಬಿಚ್ಚುವಂಥದ್ದು. ಏಟು ತಿನ್ನುವವನು ಹಿಮ್ಮಡಿ ಕುಟ್ಟಿದ ಮೇಲಷ್ಟೇ ಹೊಡೆಯುವವನು ಕೋಲೆತ್ತಬೇಕು. ಕೋಲು ಮೈಯಿಂದ ಗೇಣು ದೂರದಲ್ಲಿ ನಿಲ್ಲಬೇಕು. ಅದೇ ಗಳಿಗೆಗೆ ಒಳಗಿನಿಂದ ಡೋಲಿನವನು ಧಡ್ ಎನ್ನಿಸಬೇಕು.

ಭಾನುವಾರ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಎಡಗಡೆಯ ಕುರ್ಚಿಗಳಲ್ಲಿ ಹೊಳೆಯಾಚೆಯವರು, ಬಲಗಡೆ ಈಚೆಯವರು. ಮೊದಲ ಅಂಕ ಮುಗಿಯುವಷ್ಟರಲ್ಲಿ ಎರಡೂ ಕಡೆ ಒಂದೇ ಮಾತಿಗೆ ನಗತೊಡಗಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದು ಅಕ್ಕನಿಗೆ ಮರೆಯಿಂದ ಕಂಡಿತು.

ಗೂಳಿ ತಮ್ಮನನ್ನು ಕಂಬಕ್ಕೆ ಕಟ್ಟಿದ. ತಮ್ಮ ಎದೆಯುಬ್ಬಿಸಿ ಪದ್ಯ ಹೇಳಿದ: "ಬಾಗದು ಈ ಕೊರಳು, ಬಾಗದು ಈ ಬೆನ್ನು." ಹಿಮ್ಮಡಿ ಕುಟ್ಟಿದ. ಕೋಲು ಬೀಸಿತು. ಡೋಲು ಗುಡುಗಿತು. ಸಭೆ ಸಿಳ್ಳೆ ಹಾಕಿತು.

ತಮ್ಮನ ಬಾಯಿಂದ ಮುಂದಿನ ಸಾಲು ಬರಲಿಲ್ಲ. ಬಾಯಿ ತೆರೆದಿತ್ತು, ದನಿಯಿಲ್ಲ. ಮರೆತನಲ್ಲಾ ಹುಡುಗ, ಎಂದುಕೊಂಡಳು ಅಕ್ಕ. ಪರದೆಯಂಚಿಗೆ ಮುಖ ತಂದು ಎತ್ತಿಕೊಟ್ಟಳು.

"ಹೊಡೆ, ದಣಿಯುವ ತನಕ ಹೊಡೆ."

ಅವನು ಹಿಮ್ಮಡಿ ಕುಟ್ಟಲಿಲ್ಲ. ಆದರೂ ಕೋಲು ಬಂತು, ಮಂಡಿಗೆ. ಡೋಲಿನವನು ತಡವರಿಸಿ, ತನ್ನದೇ ತಪ್ಪೆಂದು ಗಾಬರಿಯಾಗಿ, ಧಡ್ ಎನ್ನಿಸಿದ. ಆಮೇಲೆ ಪ್ರತಿ ಏಟಿಗೂ ತಾಳ ತಪ್ಪದೆ ಬಾರಿಸಿದ. ಮೂಳೆಯ ಸದ್ದು ಡೋಲಿನಲ್ಲಿ ಮುಳುಗಿತು.

"ಹೊಡೆ, ದಣಿಯುವ ತನಕ ಹೊಡೆ," ಎಂದು ಅಕ್ಕ ಮತ್ತೆ ಪಿಸುಗುಟ್ಟಿದಳು, ಈ ಸಲ ಇನ್ನಷ್ಟು ಸ್ಪಷ್ಟವಾಗಿ.

ಆಗ ತಮ್ಮ ತೊದಲಿದ. "ಸಾಕು ಕಣೋ ಗೂಳಿ... ಸಾಕು."

ಅದು ನಾಟಕದ ಮಾತಲ್ಲ.

"ಗೇಟು ದಾಟುವಾಗ ಅನ್ನಿಸ್ಲಿಲ್ವೇನೋ, ಸಾಕು ಅಂತ?" ಗೂಳಿ ಅವನ ಕಿವಿಗೆ ಬಾಗಿ, ಗುಟ್ಟು ಹೇಳುವಂತೆ ಹೇಳಿದ. "ನಮ್ಮಣ್ಣನ ಮೇಲೆ ಕಾಲಿಟ್ಟು ದಾಟಿದ್ಯಲ್ಲ." ಪರದೆಯಂಚಿನಲ್ಲಿದ್ದ ಅಕ್ಕನಿಗೆ ಅದು ಕೇಳಿಸಿತು. ಕೋಲು ದವಡೆಗೆ ಬಿತ್ತು. ಸುತ್ತಿದ್ದ ಚಿನ್ನದ ಕಾಗದ ಹರಿದು, ಒಳಗಿನ ಕಬ್ಬಿಣದ ಪೈಪು ಕಂಡಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು.

ಅಕ್ಕ ಪರದೆ ಸೀಳಿಕೊಂಡು ನುಗ್ಗಿದಳು. ಹೊಲಿಗೆಯ ಟೇಪನ್ನು ಕೊರಳಿಗೆ ಹಾಕಿಕೊಂಡ ಹೆಂಗಸು ರಾಜನ ಮೈಮೇಲೆ ಬಿದ್ದದ್ದು ಕಂಡು ಜನ ಹೊಟ್ಟೆ ಹಿಡಿದು ನಕ್ಕರು. ಅವಳು ಗೂಳಿಯ ಮಣಿಕಟ್ಟಿಗೆ ಬಾಯಿ ಹಾಕಿದಳು. ಉಪ್ಪು, ಬಣ್ಣ, ಬೆವರು. ಹಲ್ಲು ಇಳಿಯುವವರೆಗೂ ಬಿಡಲಿಲ್ಲ. ಅವನು ಕೊಡವಿದ. ನೆಲಕ್ಕೆ ಬಿದ್ದವಳ ಎಡಗೈ ಮೇಲೆ ಪೈಪು ಇಳಿದು, ಬೆರಳುಗಳು ಹಸಿಕಡ್ಡಿಯಂತೆ ಲಟಕ್ಕೆಂದವು. ಅವಳ ಕಿರುಚಾಟಕ್ಕೆ ಡೋಲು ನಿಂತಿತು.

"ಅಯ್ಯೋ, ನಿಜವಾಗ್ಲೂ ಹೊಡೀತಿದಾನೆ ಕಣ್ರೋ!" ಎಂದು ಬಲಗಡೆಯಿಂದ ಯಾರೋ ಅರಚಿದರು.

ಮೊದಲ ಕುರ್ಚಿ ಹಾರಿದ್ದು ಬಲದಿಂದಲೋ ಎಡದಿಂದಲೋ. ಕಬ್ಬಿಣದ ಮಡಿಸುವ ಕುರ್ಚಿಗಳು. ಮಂಡಳಿಯೇ ಚಂದಾ ಎತ್ತಿ ಕೊಂಡವು. ಅವುಗಳ ಕಾಲುಗಳು ಮುಖಗಳಿಗೆ ಬಡಿದವು, ಅಂಚು ಹಣೆಗಳನ್ನು ಸೀಳಿದವು. ಟಿಕೆಟ್ ಹರಿಯುತ್ತಿದ್ದವನು ಹಲ್ಲುಗಳನ್ನು ಅಂಗೈಗೆ ಉಗುಳಿಕೊಂಡ. ಬಾಗಿಲಲ್ಲಿ ಒಬ್ಬಳು ಮಗುವನ್ನು ತಲೆಯ ಮೇಲೆತ್ತಿ ಹಿಡಿದು ಕೂಗುತ್ತಿದ್ದಳು. ಅವಳನ್ನು ತುಳಿದುಕೊಂಡೇ ಓಡಿದರು. "ಕೂತ್ಕೊಳ್ರಪ್ಪಾ, ಕೂತ್ಕೊಳ್ಳಿ," ಎಂದು ಕೈಯೆತ್ತಿ ನಿಂತಿದ್ದ ಮೇಷ್ಟ್ರ ತಲೆಗೆ ಬಿದ್ದ ಏಟು ಯಾವ ಕಡೆಯವರದೆಂದು ಅವರಿಗೂ ತಿಳಿಯಲಿಲ್ಲ. ರಂಗದ ಮೇಲೆ ಅಕ್ಕ ಒಂದೇ ಕೈಯಲ್ಲಿ ಕಂಬದ ಗಂಟು ಎಳೆಯುತ್ತಿದ್ದಳು. ಎಳೆದರೆ ಬಿಚ್ಚಬೇಕಾದ ಗಂಟು ಬಿಚ್ಚಲಿಲ್ಲ. ಗೂಳಿ ಅದನ್ನು ಲಾರಿಯ ಸರಕಿಗೆ ಹಾಕುವಂತೆ ಬಿಗಿದಿದ್ದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಉದ್ದದ ಕಾರಿಡಾರಿನಲ್ಲಿ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ತಮ್ಮನ ದವಡೆಗೆ ತಂತಿ ಕಟ್ಟಿದ್ದರು. ಇನ್ನೆಷ್ಟು ದಿನಕ್ಕೆ ಮಾತು ಬಂದೀತೋ, ಏಟು ನೆನಪಿರುತ್ತದೋ ಇಲ್ಲವೋ, ಹೇಳಲಾಗದು ಎಂದಿದ್ದರು ಡಾಕ್ಟರು. ಮಂಡಿಯ ವಿಷಯ ಅವರು ಎತ್ತಲೇ ಇಲ್ಲ.

ಮೇಷ್ಟ್ರು ಬಂದರು. ತಲೆಗೆ ಪಟ್ಟಿ, ಒಂದು ಕಣ್ಣು ಊದಿ ಮುಚ್ಚಿತ್ತು. ಅವಳ ಪಕ್ಕದಲ್ಲಿ ಕೂತರು. ಅಪ್ಪ ಸತ್ತ ಮೇಲೆ ಅವಳಿಗೆ ಪದ್ಯ ಹೇಳಿಕೊಟ್ಟವರು ಅವರೇ.

"ಇನ್‌ಸ್ಪೆಕ್ಟರು ಕೆಳಗಿದಾರೆ, ತಾಯಿ. ಈಗ ಮೇಲೆ ಬರ್ತಾರೆ."

"ಬರ್ಲಿ."

"ಪೈಪು ನಿಜ, ಅದನ್ನ ಮುಚ್ಚಿಡೋಕಾಗಲ್ಲ. ಕೋಲು ಗಟ್ಟಿಯಾಗಿರ್ಲಿ ಅಂತ ಒಳಗೆ ಸೇರಿಸಿದ್ದು, ಆವೇಶದಲ್ಲಿ ಕೈ ತಪ್ಪಿತು ಅಂತ ಗೂಳಿ ಹೇಳ್ತಿದಾನೆ. ರಾತ್ರಿ ನೀನು ನನಗೆ ಹೇಳಿದ್ಯಲ್ಲ, ಅವನು ಆಡಿದ ಮಾತು, ಅದು ಕೇಳಿಸಿದ್ದು ನಿನಗೊಬ್ಬಳಿಗೇ."

ಅಕ್ಕ ಅವರ ಮುಖ ನೋಡಿದಳು.

"ಸಂಜೆ ಸೇತುವೆ ಹತ್ರ ಎರಡೂ ಕಡೆಯವರು ಸೇರ್ತಾರೆ. ಬರಿಗೈಲಿ ಬರಲ್ಲ. ಬೇಕಂತ್ಲೇ ಹೊಡೆದ ಅಂತ ನೀನು ಒಂದು ಮಾತು ಅಂದ್ರೆ, ರಾತ್ರಿಯೊಳಗೆ ಎಷ್ಟು ಹೆಣ ಬೀಳುತ್ತೋ. ನಿನ್ನ ತಮ್ಮ ಬದುಕಿದಾನೆ. ಉಳಿದೋರ ಮಕ್ಕಳನ್ನ ನೆನೆಸ್ಕೊ." ಅವರು ಮೆಟ್ಟಿಲ ಕಡೆ ನೋಡಿಕೊಂಡರು. "ಇನ್ನೊಂದು ಮಾತು. ಹೇಳಬಾರದು, ಆದ್ರೂ ಹೇಳ್ತೀನಿ. 'ಹೊಡೆ' ಅಂತ ನೀನೇ ಅಂದೆ, ಅದು ತನಗೆ ಕೇಳಿಸ್ತು ಅಂತಾನೂ ಗೂಳಿ ಹೇಳಿದಾನೆ. ಕೋರ್ಟಿಗೆ ಹೋದ್ರೆ ನಿನ್ನನ್ನೂ ಬಿಡಲ್ಲ."

ಪಟ್ಟಿ ಸುತ್ತಿದ್ದ ಎಡಗೈಯನ್ನು ಅಕ್ಕ ಮಡಿಲಿಗೆ ಎಳೆದುಕೊಂಡಳು. ರಾತ್ರಿಯಿಡೀ ಆ ಪಿಸುದನಿ ಅವಳ ಕಿವಿಯಲ್ಲೇ ಇತ್ತು. ದೇವರ ಹೆಸರನ್ನು ಎಷ್ಟು ಸಲ ಹೇಳಿಕೊಂಡರೂ ಅದರ ಮೇಲೆ ಇದೇ ಬಂದು ಕೂರುತ್ತಿತ್ತು.

"ಅಂದೆ," ಎಂದಳು. "ಎರಡು ಸಲ ಅಂದೆ. ಅದನ್ನೂ ನಾನೇ ಹೇಳ್ತೀನಿ."

"ಹಟ ಮಾಡಬೇಡ ಮಗಳೇ."

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಮೇಷ್ಟ್ರು ಎದ್ದು, ಅವಳಿಗೂ ಮೆಟ್ಟಿಲಿಗೂ ನಡುವೆ ನಿಂತರು. ಈವರೆಗೆ ಯಾರಿಗೂ ಮುಗಿಯದ ಕೈಗಳನ್ನು ಜೋಡಿಸಿದರು.

"ನಿನ್ನ ಕಾಲಿಗೆ ಬೀಳ್ತೀನಮ್ಮಾ. ಕೈ ತಪ್ಪಿ ಬಿದ್ದ ಏಟು ಅಂತ ಅಂದುಬಿಡು. ಇಷ್ಟು ವರ್ಷದಲ್ಲಿ ನಾನು ನಿನ್ನ ಏನೂ ಕೇಳಿಲ್ಲ. ಇದೊಂದು ನಡೆಸಿಕೊಡು."

ಅವಳು ಬೆಂಚಿನ ಅಂಚು ಹಿಡಿದು ಎದ್ದಳು.

"ಇಲ್ಲ ಮೇಷ್ಟ್ರೇ. ಕೈ ತಪ್ಪಿತು ಅಂತ ನಾನು ಹೇಳಲ್ಲ."